ಕ್ಯಾನಿಗೆ ಬೆರೆಸಿದ ನೀರು

ಮನೀಶ್ ನಗರ, ನಾಗಪುರ
8 ಜನವರಿ 2024

ಗಂಗಕ್ಕನಿಗೆ ಲಕ್ಷ್ಮೀಕಾಂತನ ನಮಸ್ಕಾರಗಳು.

ಈ ಕಥೆಯನ್ನು ನನಗೆ ಮೊದಲು ಹೇಳಿದವನು ನಮ್ಮ ಫ್ಯಾಕ್ಟರಿಯ ವ್ಯಾಸರಾಜ. ಹೋದ ಆಯುಧಪೂಜೆಯ ದಿನ, ಪಕ್ಕದ ಮೇಜಿನ ಮೇಲಿನ ಅಳತೆ ಸಾಮಾನಿಗೆಲ್ಲ ಕುಂಕುಮ ಹಚ್ಚುತ್ತ ಹೇಳಿದ. ಅವನ ಭಾವನಿಗೆ ಡಾಕ್ಟರು ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು ಕೊಟ್ಟು, ಇಡೀ ಇಪ್ಪತ್ನಾಲ್ಕು ತಾಸಿನ ಮೂತ್ರವನ್ನು ಒಂದು ಹನಿಯೂ ಬಿಡದೆ ಇದರಲ್ಲಿ ಹಿಡಿದು ತಾ ಎಂದರಂತೆ. ಆ ಮನುಷ್ಯ ಅವತ್ತು ಮದುವೆಗೆ ಹೊರಟಿದ್ದ. ಅರ್ಧ ದಿನ ಹಿಡಿದ, ಉಳಿದರ್ಧಕ್ಕೆ ನಳದ ನೀರು ಬಿಟ್ಟ, ಕೊಟ್ಟು ಬಂದ. "ರಿಪೋರ್ಟ್ ಏಕದಂ ನಾರ್ಮಲ್ ನೋಡ್ರಿ! ಈಗ ದಿನಾ ಎರಡು ಪ್ಲೇಟ್ ತರ್ರಿ ಪೋಹೆ, ಖಾರದ ರಸ ಹಾಕಿದ ಅವಲಕ್ಕಿ, ಹೊಡೀತಾನ" ಎಂದು ವ್ಯಾಸರಾಜ ಕಥೆ ಮುಗಿಸಿದ. ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು.

ಅಂಥದೇ ಕ್ಯಾನು ಈಗ ನಮ್ಮ ಮನೆಗೆ ಬಂದಿದೆ ಅಕ್ಕ.

ನಿನಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಹಾಗಾಗಿ ಬರೆಯಬೇಕು. ಕೇಳಿಸಿದ್ದರೂ ಇದು ಕೂಗಿ ಹೇಳುವ ಸುದ್ದಿಯಲ್ಲ. ದೀಪಾವಳಿಯಿಂದ ನನ್ನ ಕಾಲು ಬಾತು ಬೂಟಿನೊಳಗೆ ಹೋಗುತ್ತಿರಲಿಲ್ಲ. ಮೂತ್ರದಲ್ಲಿ ಬಟ್ಟೆ ಒಗೆದ ಬಕೆಟಿನ ಹಾಗೆ ನೊರೆ. ಫ್ಯಾಕ್ಟರಿಯ ದವಾಖಾನೆಯವರು ರಾಮದಾಸಪೇಠಿನ ಒಬ್ಬ ಕಿಡ್ನಿ ಡಾಕ್ಟರ ಹತ್ತಿರ ಕಳಿಸಿದರು. ಹೆಸರು ರಾಗಿಣಿ. ಹುಟ್ಟಿದ್ದು ಬೆಳೆದದ್ದು ನಾಗಪುರ, ತಾಯಿಯ ತವರು ಧಾರವಾಡ. ನನ್ನ ಹೆಸರು ನೋಡಿದವಳೇ ಕನ್ನಡಕ್ಕೆ ಇಳಿದಳು.

ಅಲ್ಲಿಯ ಓಣಿಯಂಥ ಹಾದಿಯಲ್ಲಿ ಮೂವತ್ತು ಜನ, ಮೂವತ್ತು ಕೈಯಲ್ಲಿ ಮೂವತ್ತು ಮೂತ್ರದ ಡಬ್ಬಿ. ಒಬ್ಬ ಅದನ್ನು ಪೇಪರಿನಲ್ಲಿ ಸುತ್ತಿದ್ದ. ಒಬ್ಬಳು ಊಟದ ಚೀಲದೊಳಗೆ ಚಪಾತಿಯ ಪಕ್ಕದಲ್ಲಿ ಇಟ್ಟಿದ್ದಳು. ಇನ್ನೊಬ್ಬ ಎಡಗೈಯಲ್ಲಿ ಅದನ್ನು ಹಿಡಿದು ಬಲಗೈಯಲ್ಲಿ ಚಹಾ ಕುಡಿಯುತ್ತಿದ್ದ. ಎಲ್ಲಿ ಬದಲಿಸಿ ಕುಡಿದುಬಿಡುತ್ತಾನೋ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ರಾಗಿಣಿ ಮುಚ್ಚಳ ತೆಗೆದು ನನ್ನ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ನಾನು ಮೂವತ್ತೆರಡು ವರ್ಷದಿಂದ ತಪಾಸಣೆ ವಿಭಾಗದಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಹಿಡಿದು ನೋಡುತ್ತೇನಲ್ಲ, ಹಾಗೆಯೇ. ಅವಳಿಗೆ ಹೇಸಿಗೆಯೇ ಇಲ್ಲ. ಆಮೇಲೆ ರಕ್ತದ ಕಾಗದ ತೋರಿಸಿದಳು. ಮೂತ್ರಪಿಂಡ ಹೊರಗೆ ಹಾಕಬೇಕಾದ ಕಸ ರಕ್ತದಲ್ಲೇ ನಿಂತಿದೆಯಂತೆ. ಒಂದರ ಆಜೂಬಾಜು ಇರಬೇಕಾದ ಅಂಕಿ ಎರಡು ಪಾಯಿಂಟ್ ಒಂಬತ್ತು ಇದೆ.

"ಕಾರಣ ಸಿಕ್ಕರ ನಿಲ್ಲಸಬಹುದು ಕಾಕಾ. ಸಿಗಲಿಲ್ಲ ಅಂದ್ರ ವರ್ಷದೊಳಗ ಡಯಾಲಿಸಿಸ್ ಮಿಷನ್ನಿಗೆ ಹಚ್ಚಬೇಕಾಗ್ತದ. ಅದಕ್ಕ ನಾ ಕೇಳೂದಕ್ಕೆಲ್ಲ ಬರೋಬರ್ ಹೇಳ್ರಿ" ಎಂದಳು.

ಒಂದು ತಾಸು ಕೇಳಿದಳು. ಸಕ್ಕರೆ ರೋಗ ಇದೆಯೇ, ಕಲ್ಲು ಬಿದ್ದಿತ್ತೇ, ಉರಿಯುತ್ತದೆಯೇ, ಧಾರೆ ಕಟ್ಟಿ ಕಟ್ಟಿ ಬರುತ್ತದೆಯೇ. ಮಗಳ ವಯಸ್ಸಿನವಳ ಮುಂದೆ ಧಾರೆಯ ವರ್ಣನೆ ಮಾಡುವ ಕರ್ಮ ನನ್ನದಾಯಿತು. "ನೋವಿನ ಗುಳಿಗೆ ತಗೋತೀರೇನು?" ಎಂದಳು. "ಜೀವಮಾನದಾಗ ಮುಟ್ಟಿಲ್ಲ" ಎಂದೆ. "ನಾಟಿ ಔಷಧ?" "ಇಲ್ಲ." ನೀನು ಮೊಣಕಾಲಿಗೆ ಕಳಿಸುವ ಪುಡಿ ನೆನಪಾಯಿತು. ಆದರೆ ಅಕ್ಕನ ಒಳಕಲ್ಲಿನಿಂದ ಬಂದದ್ದು ಔಷಧ ಹೇಗಾಗುತ್ತದೆ? ಅದು ನಮ್ಮಲ್ಲಿ ಕೂತಿರುವುದೇ ಶೇಂಗಾ ಚಟ್ನಿಪುಡಿಯ ಪಕ್ಕದಲ್ಲಿ.

ಅವಳು ಕೊಟ್ಟ ಕ್ಯಾನನ್ನು ಬಚ್ಚಲಲ್ಲಿ ಇಡಲು ನನ್ನ ಹೆಂಡತಿ ಮೃದುಲಾ ಬಿಡಲಿಲ್ಲ. ದೇವರ ತಾಮ್ರದ ಕೊಡ ಅಲ್ಲಿ ತುಂಬುತ್ತದೆ. ಬಾಲ್ಕನಿಯಲ್ಲಿ ಕೂಲರಿನ ಹಿಂದೆ ಇಟ್ಟೆವು. ಸಂಜೆಯ ಹೊತ್ತಿಗೆ ಮುಚ್ಚಳ ತೆಗೆದರೆ ಎದ್ದ ವಾಸನೆಗೆ ತಿಂದ ಅನ್ನ ಗಂಟಲಿಗೆ ಬಂತು. ಇದು ನನ್ನೊಳಗೇ ಇತ್ತೇ ಎಂದು ನನ್ನ ಮೈಯ ಮೇಲೇ ಅಸಹ್ಯವಾಯಿತು. ಅಲ್ಲಿಂದ ಮುಂದೆ ಒಂದು ಸಲವೂ ಅದರ ಹತ್ತಿರ ಹೋಗಲಿಲ್ಲ. ಬೆಳಿಗ್ಗೆ ವ್ಯಾಸರಾಜನ ಭಾವನನ್ನು ನೆನೆದು ನಳ ಬಿಟ್ಟೆ. ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ.

ಪುಡಿ ಡಬ್ಬಿಯ ತಳ ಕಾಣುತ್ತಿದೆ. ಜಲ್ದಿ ಕಳಿಸು.

ನಿನ್ನ ತಮ್ಮ
ಲಕ್ಷ್ಮೀಕಾಂತ


ಕೆರೂರು
19 ಜನವರಿ 2024

ಚಿರಂಜೀವಿ ಕಾಂತೂಗೆ ಗಂಗಕ್ಕನ ಆಶೀರ್ವಾದ.

ನಿನ್ನ ಪತ್ರ ಸಂಕ್ರಾಂತಿ ಮರುದಿನ ಬಂತು. ಊಟ ಮಾಡಿ ಓದಬೇಕಿತ್ತು, ಮೊದಲೇ ಓದಿ ತಪ್ಪು ಮಾಡಿದೆ. ಮಾದಲಿ ಗಂಟಲಾಗ ಇಳೀಲಿಲ್ಲ. ಐವತ್ತೊಂಬತ್ತು ವರ್ಷದ ಗಂಡಸು ಅಕ್ಕಗ ಬರಿಯೋ ಸುದ್ದಿ ಏನೋ ಇದು? ಸಣ್ಣವನಿದ್ದಾಗ ಎಮ್ಮಿ ಸಗಣಿ ತುಳಿದಿ ಅಂದ್ರ ಕಾಲು ಕಡಿದು ಒಗೀರಿ ಅಂತ ಅಳತಿದ್ದಿ. ಅಂಥಾವನ ಕೈಗೆ ಕ್ಯಾನು ಕೊಟ್ಟಾರ!

ನಕ್ಕೆ ಖರೆ, ಆದರ ಮಿಷನ್ನಿನ ಮಾತು ಓದಿ ಎದಿ ಧಸಕ್ ಅಂತು. ದಿನಾ ಗುಡಿಗೆ ಹೋಗಿ ಒಂದು ದೀಪ ಹಚ್ಚಾಕತ್ತೀನಿ. ಉಪ್ಪು ಕಡಿಮಿ ಮಾಡು. ಮೃದುಲಾಗ ಹೇಳು, ಹಪ್ಪಳ ಸಂಡಿಗಿ ಕಣ್ಣಿಗೆ ಬೀಳದಂಗ ಇಡಲಿ.

ಡಾಕ್ಟರ ಮುಂದ ಪುಡಿ ಸುದ್ದಿ ಹೇಳದಿದ್ದದ್ದು ಚಲೋ ಆತು. ಪ್ಯಾಟಿ ಡಾಕ್ಟರು ನಮ್ಮ ಬೇರು ಕಂಡ್ರ ಮೂಗು ಮುರೀತಾರ. ನಮ್ಮೂರ ನಾಟಿ ಔಷಧದ ಮಹಾದೇವಮ್ಮ ಹೇಳಿಕೊಟ್ಟಂಗ, ಅಕಿ ಕೈಗುಣ ಕೆಡದಂಗ ನಾ ಕುಟ್ಟತೀನಿ, ನಿನ್ನ ಮೊಣಕಾಲು ಮೂರು ವರ್ಷದಿಂದ ನಡದಾವು. ಅಷ್ಟು ಸಾಕು.

ಆದರ ಈ ತಿಂಗಳು ಪುಡಿ ಇಲ್ಲ. ಎಣ್ಣಿ ಸಿಡಿದು ಬಲಗೈ ಬೊಬ್ಬಿ ಎದ್ದಾವು. ಈ ಪತ್ರನೂ ಸೊಟ್ಟ ಸೊಟ್ಟ ಬರಿಯಾಕತ್ತೀನಿ. ಕೈ ಮಾಯಲಿ, ಕುಟ್ಟಿ ಕಳಸತೀನಿ.

ಗಂಗೂಬಾಯಿ


ಮನೀಶ್ ನಗರ
22 ಫೆಬ್ರುವರಿ 2024

ಗಂಗಕ್ಕನಿಗೆ ನಮಸ್ಕಾರ.

ಮೊದಲು ಮಾನ ಹೋದ ಸುದ್ದಿ, ಆಮೇಲೆ ಸಂತೋಷದ ಸುದ್ದಿ.

ಲ್ಯಾಬಿನ ಅಭಿಜಿತ್ ಅಂತ ಒಬ್ಬ ಮನುಷ್ಯ, ದಪ್ಪ ಮೀಸೆ, ಯಾವಾಗಲೂ ತಂಬಾಕಿನ ಗುಂಗು. ಮೂವತ್ತು ಜನರ ಎದುರಿಗೆ ನನ್ನ ಹೆಸರು ಕೂಗಿದ. "ಕಾಕಾ, ಕ್ಯಾನು ನಿಮ್ಮದೇ? ಒಳಗಿನ ಮಾಲು ಹತ್ತು ವರ್ಷದ ಪೋರನದು ಇದ್ದ ಹಾಗಿದೆ" ಎಂದು ಮರಾಠಿಯಲ್ಲಿ ಅಂದ. ನನ್ನ ತೂಕದ ಗಂಡಸಿನ ಮೈಯಿಂದ ದಿನಕ್ಕೆ ಇಷ್ಟು ಹೊರಗೆ ಬರಲೇಬೇಕು ಎಂಬ ಒಂದು ಪದಾರ್ಥವಿದೆಯಂತೆ. ಅದು ಅರ್ಧಕ್ಕೆ ಅರ್ಧ ಇರಲಿಲ್ಲ.

ರಾಗಿಣಿಯ ಮುಂದೆ ಕೂತು, ಸ್ವಲ್ಪ ಚೆಲ್ಲಿತು ಎಂದೆ.

"ಚೆಲ್ಲಿದ್ರ ಕಮ್ಮಿ ಆಗ್ತದ ಕಾಕಾ, ತೆಳ್ಳಗ ಆಗೂದಿಲ್ಲ. ನಿಮ್ಮ ಫ್ಯಾಕ್ಟರಿಯೊಳಗ ಯಾರರೆ ಹಿಂಗ ಮಾಲು ತಂದ್ರ ನೀವು ಏನ ಮಾಡ್ತೀರಿ?"

"ರಿಜೆಕ್ಟ್ ಮಾಡತೀನಿ."

"ನಾನೂ ಅದನ್ನ ಮಾಡಿದೆ" ಎಂದು ಕಾಗದದ ಮೇಲೆ ಅಡ್ಡಗೆರೆ ಎಳೆದಳು. ನನ್ನ ಹೆಸರಿನ ಮೇಲೆ ಅಂಥ ಗೆರೆ ಬಿದ್ದದ್ದು ಇದೇ ಮೊದಲು.

ಶಿಕ್ಷೆ ಎಂಬಂತೆ ಸೋನೋಗ್ರಾಫಿಗೆ ಕಳಿಸಿದಳು. ಒಂದೂವರೆ ಲೀಟರ್ ನೀರು ಕುಡಿಸಿ, ತಡೆದುಕೊಂಡು ಕೂಡ್ರಿ ಎಂದರು. ಬೆಂಚಿನ ಮೇಲೆ ಸಾಲಾಗಿ ಕೂತ ನಾವು, ಗಂಡಸರು ಹೆಂಗಸರು, ಎಲ್ಲರೂ ಕಾಲು ಹೆಣೆದುಕೊಂಡು ಗೋಡೆ ನೋಡುತ್ತಿದ್ದೆವು. ಒಬ್ಬ ಸೀನಿದ, ಅವನ ಕಥೆ ಅಲ್ಲಿಗೇ ಮುಗಿಯಿತು. ನನ್ನ ಸರದಿ ಬಂದಾಗ ಹಾಸಿಗೆಯ ಬಟ್ಟೆ ಹಿಂದಿನವನ ಬೆವರಿನಿಂದ ಒದ್ದೆಯಾಗಿತ್ತು. ಹೊಟ್ಟೆಗೆ ಸಿಂಬಳದಂಥದೇನೋ ಬಳಿದರು. ನಾಲ್ಕು ಸಲ ಸ್ನಾನ ಮಾಡಿದರೂ ಆ ತಣ್ಣನೆಯ ಲೋಳೆ ಇನ್ನೂ ಅಂಟಿದೆ ಅನಿಸುತ್ತದೆ.

ಈಗ ಸಂತೋಷದ ಸುದ್ದಿ. ಮೂತ್ರಪಿಂಡ ಎರಡೂ ಕುಗ್ಗಿಲ್ಲ, ಇನ್ನೂ ಆಸೆ ಇದೆ ಎಂದಳು. ಅಂಕಿ ಎರಡು ಪಾಯಿಂಟ್ ಒಂಬತ್ತರಿಂದ ಎರಡು ಪಾಯಿಂಟ್ ಒಂದಕ್ಕೆ ಇಳಿದಿದೆ. ಕಾಲಿನ ಬಾವು ಹೋಗಿದೆ. "ಈ ತಿಂಗಳು ಏನು ಬ್ಯಾರೆ ಮಾಡಿದ್ರಿ ಕಾಕಾ?" ಎಂದು ಎರಡೆರಡು ಸಲ ಕೇಳಿದಳು. ಮಂಗಳವಾರ ಇಲ್ಲಿಯ ಗುಡ್ಡದ ಮೇಲಿನ ಟೇಕಡಿ ಗಣಪತಿಗೆ ಹೋಗಿದ್ದೆ ಎಂದೆ. ಅದನ್ನೂ ಬರೆದುಕೊಂಡಳು!

ನನಗೆ ಕೇಳಿದರೆ ಗಣಪತಿಯೂ ಹೌದು, ನಿನ್ನ ಪುಡಿಯೂ ಹೌದು. ಮೂರು ವರ್ಷ ತಿಂದ ಗುಣ ಮೈಯಲ್ಲಿ ಉಳಿದಿತ್ತು, ಅದೇ ಕಾಯ್ದಿತು. ಆದರೆ ಮೊಣಕಾಲು ಸತ್ತಿವೆ ಅಕ್ಕ. ಮೆಟ್ಟಿಲನ್ನು ಕೂತು ಇಳಿಯುತ್ತಿದ್ದೇನೆ. ಕೈ ಮಾಯ್ದಿದ್ದರೆ ಬೇಗ ಕಳಿಸು.

ಲಕ್ಷ್ಮೀಕಾಂತ


ಕೆರೂರು
2 ಮಾರ್ಚ್ 2024

ಚಿರಂಜೀವಿ ಕಾಂತೂಗೆ ಆಶೀರ್ವಾದ.

ನಿನ್ನ ಪತ್ರ ಓದಿ ಗುಡಿಗೆ ಹೋಗಿ ಐದು ಕಾಯಿ ಒಡಿಸಿದೆ. ಗಣಪತಿಗೆ ಎರಡು, ನಮ್ಮ ಹನುಮಪ್ಪಗ ಮೂರು.

ಪುಡಿಯಿಂದ ಗುಣ ಆತು ಅಂತ ಬರದಿ. ಅದನ್ನ ಓದಿ ಕೈ ನೋವು ಮರತು ಒಂದೇ ದಿನದಾಗ ಎರಡು ಡಬ್ಬಿ ಕುಟ್ಟೀನಿ. ಸ್ಪೀಡ್ ಪೋಸ್ಟ್ ಮಾಡೀನಿ. ಈ ಸಲ ಸ್ವಲ್ಪ ಜೋರು ಮಾಡೀನಿ. ಮೊದಲಿನಂಗ ದಿನಕ್ಕೊಂದು ಅಲ್ಲ, ಬೆಳಿಗ್ಗೆ ಸಂಜಿ ಒಂದೊಂದು ಚಮಚ, ಮಜ್ಜಿಗಿಯಾಗ ಕಲಸಿ ಕುಡಿ. ಇಲ್ಲಿ ನಮ್ಮ ಭಜನಿ ಮಂಡಳಿ ಒಂಬತ್ತು ಮಂದಿನೂ ಇದರ ಮ್ಯಾಲೇ ನಡ್ಯಾಕತ್ತಾರ. ಕಲ್ಲವ್ವ ಅಂತೂ ಗುಡಿ ಮೆಟ್ಟಲಾ ಓಡಿ ಹತ್ತತಾಳ.

ಅಭಿಜಿತ್ ಅನ್ನಾವನ ಮೀಸಿಗೆ ಬೆಂಕಿ ಹಚ್ಚು. ನಾಲ್ಕು ಮಂದ್ಯಾಗ ಹಂಗ ಕೂಗೋದಾ?

ಗಂಗೂಬಾಯಿ


ಮನೀಶ್ ನಗರ
5 ಏಪ್ರಿಲ್ 2024

ಗಂಗಕ್ಕನಿಗೆ.

ಮೊಣಕಾಲು ಕುದುರೆಯ ಹಾಗಿವೆ. ಟೇಕಡಿಯ ಗುಡಿಗೆ ಎರಡು ಸಲ ಹೋಗಿ ಬಂದೆ. ಉಳಿದದ್ದೆಲ್ಲ ಕೆಟ್ಟಿದೆ.

ಅಂಕಿ ನಾಲ್ಕು ಪಾಯಿಂಟ್ ಎರಡು. ಕಾಲು ಮತ್ತೆ ಬಾತಿದೆ, ಈಗ ಮುಖವೂ. ಬಾಯಿಂದ ಸಾರ್ವಜನಿಕ ಶೌಚಾಲಯದ ವಾಸನೆ ಬರುತ್ತದೆ. ಉತ್ಪ್ರೇಕ್ಷೆಯಲ್ಲ, ಅದೇ ವಾಸನೆ. ಕ್ಯಾನಿನಿಂದ ಓಡಿ ಹೋದೆನಲ್ಲ, ಅದು ಈಗ ನನ್ನ ನಾಲಿಗೆಯ ಮೇಲೆ ಬಂದು ಕೂತಿದೆ. ಒಗ್ಗರಣೆ ಸದ್ದು ಕೇಳಿದರೆ ವಾಂತಿ. ಮೃದುಲಾ ನನ್ನ ಹತ್ತಿರ ಕೂತಾಗ ನಾನೇ ಮುಖ ಆಚೆ ತಿರುಗಿಸುತ್ತೇನೆ.

ಎರಡನೆಯ ಸಲ ಕ್ಯಾನು ಹಿಡಿದೆ. ಈ ಸಲ ಒಂದು ಹನಿಯೂ ಬಿಡಲಿಲ್ಲ. ನಾಗಪುರದ ಬಿಸಿಲು ನಲವತ್ತೆರಡು. ಕ್ಯಾನನ್ನು ಬರ್ಫಿನ ಪೆಟ್ಟಿಗೆಯಲ್ಲಿ ಇಟ್ಟರೂ ಮಧ್ಯಾಹ್ನಕ್ಕೆ ಬರ್ಫು ನೀರಾಗಿ, ಮುಚ್ಚಳದ ಅಂಚಿನಲ್ಲಿ ನೊಣ. ಅದರ ಮೇಲೆ ಬಗ್ಗಿ, ಉಸಿರು ಕಟ್ಟಿ, ಹನ್ನೊಂದು ಸಲ ಹಿಡಿದೆ. ಅಭಿಜಿತನ ಕೈಗೆ ಕೊಟ್ಟಾಗ ಅವನು ಎತ್ತಿ ನೋಡಿ, "ಆತಾ ಬರೋಬರ್ ಆಹೆ, ಕಾಕಾ", ಈಗ ಸರಿಯಾಗಿದೆ, ಎಂದ. ಫ್ಯಾಕ್ಟರಿಯಲ್ಲಿ ಪ್ರಶಸ್ತಿ ಕೊಟ್ಟಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ರಾಗಿಣಿ ಮೂರೂ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಜನವರಿ ಜಾಸ್ತಿ, ಫೆಬ್ರುವರಿ ಕಮ್ಮಿ, ಏಪ್ರಿಲ್ ಮತ್ತೂ ಜಾಸ್ತಿ. "ರೋಗ ಇಷ್ಟು ಹತ್ತಿ ಇಳೀತದ ಅಂದ್ರ ಏನೋ ಒಳಗ ಹೋಗಿ ಬಂದು ಮಾಡಲಿಕ್ಕತ್ತದ ಕಾಕಾ" ಎಂದಳು. ಹದಿನೈದನೇ ತಾರೀಖು ಬೆನ್ನಿನಿಂದ ಸೂಜಿ ಹಾಕಿ ಮೂತ್ರಪಿಂಡದ ಒಂದು ಎಳೆ ತೆಗೆಯುತ್ತಾರೆ. ಮಿಷನ್ನಿಗೆ ಹಚ್ಚಲು ಕೈಯ ನರವನ್ನೂ ನೋಡಿಕೊಂಡಿದ್ದಾರೆ. ಅದಕ್ಕೆ ಮೊದಲು, ದಿನವೊಂದರಲ್ಲಿ ಬಾಯಿಗೆ ಏನೇನು ಹೋಗುತ್ತದೋ ಅಷ್ಟನ್ನೂ ಚೀಲದಲ್ಲಿ ತುಂಬಿ ಸೋಮವಾರ ತರಬೇಕಂತೆ. ಉಪ್ಪು, ಸಾರಿನ ಪುಡಿ, ಹಲ್ಲುಪುಡಿ ಎಲ್ಲ.

ಮೃದುಲಾ ಅಡುಗೆಮನೆ ಖಾಲಿ ಮಾಡುತ್ತಿದ್ದಾಳೆ.

ಲಕ್ಷ್ಮೀಕಾಂತ


ಮನೀಶ್ ನಗರ
9 ಏಪ್ರಿಲ್ 2024, ಯುಗಾದಿ

ಗಂಗಕ್ಕ,

ನಿನ್ನೆ ಹದಿನಾಲ್ಕು ಡಬ್ಬಿ ಒಯ್ದೆವು. ರಾಗಿಣಿ ಒಂದೊಂದನ್ನೂ ಬಿಳಿ ಹಾಳೆಯ ಮೇಲೆ ಸುರಿದು ಚಮಚದ ಹಿಡಿಯಿಂದ ಹರವಿದಳು. ನಿನ್ನ ಡಬ್ಬಿಗೆ ಬಂದಾಗ, "ಅದು ನಮ್ಮಕ್ಕ ಕುಟ್ಟಿದ್ದು, ಬಿಡಿ" ಎಂದೆ. ಅವಳು ಬಿಡಲಿಲ್ಲ.

ಪುಡಿಯೊಳಗೆ ಗುಲಾಬಿ ಬಣ್ಣದ ಸಣ್ಣ ಸಣ್ಣ ಸಿಪ್ಪೆ ಇದ್ದವು. ಅವಳು ಹಾಳೆಯನ್ನು ನನ್ನ ಕಡೆ ಸರಿಸಿದಳು. ನನ್ನ ಜೇಬಿನಲ್ಲಿ ಫ್ಯಾಕ್ಟರಿಯ ಭೂತಗನ್ನಡಿ ಇತ್ತು. ನಾನೇ ನೋಡಿದೆ. ಒಂದು ಸಿಪ್ಪೆಯ ಮೇಲೆ ಅಚ್ಚು ಒತ್ತಿದ ಅರ್ಧ ಅಕ್ಷರವಿದೆ. ಬೇರಿಗೆ ಬಣ್ಣದ ಸಿಪ್ಪೆ ಇರುವುದಿಲ್ಲ ಅಕ್ಕ. ಶುಂಠಿಯ ಮೇಲೆ ಯಾರೂ ಅಕ್ಷರ ಒತ್ತುವುದಿಲ್ಲ.

ಅದನ್ನು ಕೆಳಗೆ ಟೇಪು ಹಚ್ಚಿ ಅಂಟಿಸಿದ್ದೇನೆ, ನೋಡು.

ಪುಡಿಯಲ್ಲಿ ಏನಿದೆ?

ಲಕ್ಷ್ಮೀಕಾಂತ


ಕೆರೂರು
17 ಏಪ್ರಿಲ್ 2024

ಚಿರಂಜೀವಿ ಕಾಂತೂಗೆ ಆಶೀರ್ವಾದ.

ಸೂಜಿ ಹಾಕಿದ್ದು ಬಾಳ ನೋವಾತೇನು? ಮೃದುಲಾನ ಕೈಲೇ ಎರಡು ಸಾಲು ಬರಸು.

ಇಲ್ಲೂ ಬಿಸಲು ಬಾಳ. ಮಾವಿನಕಾಯಿ ಈ ಸಲ ಹುಳಿ ಸಾಲದು, ಉಪ್ಪಿನಕಾಯಿ ನಿಲ್ಲೂದಿಲ್ಲ ಅನಸತದ. ಹನುಮಪ್ಪನ ಗುಡಿಗೆ ಬಣ್ಣ ಹಚ್ಚಾಕತ್ತಾರ.

ಪುಡಿಯಾಗ ಮೊದಲಿನಿಂದ ಇದ್ದದ್ದೇ ಐತಿ. ಹಿರೇಮದ್ದಿನ ಬೇರು, ಒಣಶುಂಠಿ, ಮೆಂತ್ಯ. ಬಣ್ಣದ ಸಿಪ್ಪಿ ಡಬ್ಬಿಗೆ ಅಂಟಿದ್ದಿರಬೇಕು. ಹಳೇ ಡಬ್ಬಿ.

ಸದ್ಯಕ್ಕ ತಿನ್ನೋದು ಬಿಡು.

ಗಂಗೂಬಾಯಿ


ಕೆರೂರು
4 ಮೇ 2024

ಕಾಂತೂ,

ನೀ ಉತ್ತರ ಬರೀಲಿಲ್ಲ. ದಿನಾ ಟಪಾಲಿನವನ ಸೈಕಲ್ ನೋಡಿಕೋತ ಕಟ್ಟಿ ಮ್ಯಾಲೆ ಕೂಡತೀನಿ. ನಿನಗ ಸಿಟ್ಟು ಬಂದದೋ, ಬರಿಯೋ ಶಕ್ತಿ ಇಲ್ಲೋ ತಿಳೀವಲ್ದು. ಎರಡನೇದು ಆಗಿರಬಾರದು ಅಂತ, ಸಿಟ್ಟೇ ಬಂದಿರಲಿ ಅಂತ ಬೇಡಕೊಳ್ಳಾಕತ್ತೀನಿ.

ಡಬ್ಬಿ ಹಳೇದಲ್ಲ. ಹೊಸಾದು. ಸಿಪ್ಪಿ ಗುಳಗೀದು.

ಮಹಾದೇವಮ್ಮ ನನಗ ಏನೂ ಹೇಳಿಕೊಡಲಿಲ್ಲ. ಯಾರಿಗೂ ಹೇಳದ ಸತ್ತಳು. ಅಕಿ ಹೋದ ಮ್ಯಾಲೆ ನಾನೇ ಅಂದಾಜಿಲೇ ಬೇರು ಶುಂಠಿ ಕುಟ್ಟಿ ಕಳಿಸಿದೆ. ನೀ ಬರದಿ, "ಈ ಸಲದ ಪುಡಿಗೆ ಮೊದಲಿನ ಗುಣ ಇಲ್ಲಕ್ಕ" ಅಂತ. ಆ ಪತ್ರ ಇನ್ನೂ ನನ್ನ ಟ್ರಂಕಿನ್ಯಾಗ ಐತಿ. ನಿನಗ ಕೊಡಾಕ ನನ್ನ ಹತ್ರ ಬ್ಯಾರೆ ಏನಿತ್ತು? ಅದೊಂದು ಪುಡಿ ಇತ್ತು, ಅದೂ ಸುಳ್ಳಾತು.

ನನ್ನ ಮೊಣಕಾಲಿಗೆ ಇಲ್ಲಿ ಅಂಗಡಿಯಾಗ ಗುಲಾಬಿ ಗುಳಿಗಿ ಕೊಟ್ಟಿದ್ದರು. ಚಲೋ ಹಿಡೀತು. ಒಂದು ಸಲ ನಿನ್ನ ಡಬ್ಬಿಯಾಗ ಅರವತ್ತು ಗುಳಿಗಿ ಅರದು ಬೆರಸಿದೆ. ನೀ ಬರದಿ, "ಮಹಾದೇವಮ್ಮನ ಕೈ ನಿನಗ ಬಂತು" ಅಂತ. ಆಮ್ಯಾಲೆ ಬಿಡಾಕ ಆಗಲಿಲ್ಲ. ಹೋದ ಎರಡು ಡಬ್ಬಿಯಾಗ ಇನ್ನೂ ಜಾಸ್ತಿ ಹಾಕಿದೆ. ನೀನೇ ಗುಣ ಆತು ಅಂದಿದ್ದಿಯಲ್ಲ. ಗುಳಿಗಿ ಚೀಟಿ ಪತ್ರದ ಸಂಗಾಟ ಇಟ್ಟೀನಿ, ಡಾಕ್ಟರಿಗೆ ತೋರಸು.

ನೀ ನೀರು ಬೆರಸಿದಿ, ನಾ ಗುಳಿಗಿ ಬೆರಸಿದೆ. ಒಂದ ಮನಿ ಮಕ್ಕಳು ನಾವು. ಆದರ ನೀ ಬೆರಸಿದ್ದು ನಿನ್ನ ಕ್ಯಾನಿಗೆ, ನಾ ಬೆರಸಿದ್ದು ನಿನ್ನ ಹೊಟ್ಟಿಗೆ.

ಬೈದರೂ ಬರಿ.

ಗಂಗಕ್ಕ


ಮನೀಶ್ ನಗರ
28 ಮೇ 2024

ಗಂಗಕ್ಕನಿಗೆ.

ಬರೆಯುವ ಶಕ್ತಿ ಇತ್ತು. ಮನಸ್ಸು ಇರಲಿಲ್ಲ.

ನಿನ್ನ ಮಾವಿನಕಾಯಿಯ ಪತ್ರ ಬಂದ ದಿನ ನಾನು ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ಕೆಂಪು ಮೂತ್ರ ಹೋಗುತ್ತಿತ್ತು, ಸೂಜಿ ಹಾಕಿದ ಮೇಲೆ ಒಂದೆರಡು ದಿನ ಹಾಗಾಗುತ್ತದಂತೆ. ಅದನ್ನು ನೋಡಿ ನನಗೆ ಹೇಸಿಗೆಯಾಗಲಿಲ್ಲ. ನಿನ್ನ "ಹಳೇ ಡಬ್ಬಿ" ಅನ್ನುವ ಮಾತು ಓದಿ ಆಯಿತು. ಬಕೆಟ್ ತರಲು ಮೃದುಲಾಗೆ ಹೇಳಿದೆ. ಸುಳ್ಳಿಗೂ ವಾಂತಿ ಬರುತ್ತದೆಂದು ಆವತ್ತು ಗೊತ್ತಾಯಿತು. ಈಗಲೂ ಕುಟ್ಟಿದ್ದು ಏನೇ ಇರಲಿ, ನನ್ನ ತಟ್ಟೆಗೆ ಬೀಳುವಂತಿಲ್ಲ. ಶೇಂಗಾ ಚಟ್ನಿಪುಡಿಯನ್ನೂ ಬಿಟ್ಟೆ.

ಎರಡನೆಯ ಪತ್ರವನ್ನು ರಾಗಿಣಿಗೆ ಪೂರ್ತಿ ಓದಿ ಹೇಳಿದೆ. ನಿನ್ನ ಮರ್ಯಾದೆ ಕಾಯುವ ಮನಸ್ಸಿರಲಿಲ್ಲ. ಆಕೆ ನಗಲಿಲ್ಲ, ಬೈಯಲಿಲ್ಲ. ಚೀಟಿ ನೋಡಿ, "ನಾಲ್ಕು ತಿಂಗಳಿಂದ ನಾ ಹುಡುಕಿದ್ದು ಇದನ್ನ. ನಿಮ್ಮಕ್ಕ ಈಗ ಖರೆ ಬರದಂಗ ನೀವು ಮೊದಲ ದಿನಾನೇ ಪುಡಿ ಸುದ್ದಿ ಹೇಳಿದ್ರ ಸೂಜಿ ಬೇಕಾಗ್ತಿರಲಿಲ್ಲ" ಎಂದಳು. ಸೂಜಿಯ ರಿಪೋರ್ಟು ಕೂಡ ಅದನ್ನೇ ಹೇಳಿದೆ, ನೋವಿನ ಗುಳಿಗೆಯಿಂದ ಆದ ಗಾಯ. ಒಂದು ಪಾಲು ಕಲೆಯಾಗಿ ಉಳಿದುಬಿಟ್ಟಿದೆ, ಅದು ಹೋಗುವುದಿಲ್ಲ. ಉಳಿದದ್ದು ಚೇತರಿಸುತ್ತಿದೆ. ಪುಡಿ ಬಿಟ್ಟು ಏಳು ವಾರ, ಅಂಕಿ ಎರಡು ಪಾಯಿಂಟ್ ಮೂರು. ಮಿಷನ್ನಿನ ಮಾತು ಸದ್ಯಕ್ಕೆ ತೆಗೆದಿದ್ದಾರೆ. ಬಾಯಿಯ ವಾಸನೆ ಹೋಗಿದೆ. ಮೃದುಲಾಳ ಕಡೆ ಮುಖ ಮಾಡಿ ಮಾತಾಡುತ್ತೇನೆ.

ಇಷ್ಟಕ್ಕೆ ಪತ್ರ ಮುಗಿಸಬೇಕೆಂದಿದ್ದೆ. ಆದರೆ ನಾನು ಎದ್ದು ಬರುವಾಗ ರಾಗಿಣಿ ಒಂದು ಮಾತು ಕೇಳಿದಳು.

"ಕಾಕಾ, ಆ ಪುಡಿ ಮತ್ತ ಯಾರ‍್ಯಾರು ತಿಂತಾರ?"

ನಿನ್ನ ಮಾರ್ಚ್ ತಿಂಗಳ ಪತ್ರ ನೆನಪಾಯಿತು. ಒಂಬತ್ತು ಮಂದಿ. ಗುಡಿ ಮೆಟ್ಟಿಲು ಓಡಿ ಹತ್ತುವ ಕಲ್ಲವ್ವ. ನೀನೂ ಸೇರಿದರೆ ಹತ್ತು. ಎದ್ದವನು ಮತ್ತೆ ಕೂತು ಅವಳಿಗೆ ಹೇಳಿದೆ.

ಬೆಳಗಿನ ಮೂತ್ರ ಒಂದು ಬಾಟಲಿ, ರಕ್ತ ಒಂದು ಚಮಚ, ಇಷ್ಟು ಸಾಕಂತೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಹಿಡಿದು ಮೇಲೆ ಕಳಿಸುತ್ತಾರಂತೆ. ನಾನು ಯಾರಿಗೂ ಬರೆಯುವುದಿಲ್ಲ. ಹೇಳಬೇಕಾದವಳು ನೀನು. ಬೇರು, ಶುಂಠಿ, ಮೆಂತ್ಯ ಎಂದು ಶುರು ಮಾಡಬೇಡ. ಗುಳಿಗೆಯಿಂದ ಶುರು ಮಾಡು.

ನನಗೆ ನಿನ್ನ ಮೇಲೆ ಇನ್ನೂ ಹೇಸಿಗೆ ಇದೆ. ಸುಳ್ಳು ಬರೆಯಲಾರೆ. ಆದರೆ ಮೊದಲು ನಿನ್ನ ಬಾಟಲಿ ಕೊಡು. ಆಮೇಲೆ ಉಳಿದದ್ದು ನೋಡೋಣ.

ಲಕ್ಷ್ಮೀಕಾಂತ


ಕೆರೂರು
10 ಜೂನ್ 2024

ಚಿರಂಜೀವಿ ಕಾಂತೂಗೆ ಗಂಗಕ್ಕನ ಆಶೀರ್ವಾದ.

ಅಂಕಿ ಇಳಿದದ್ದು ಓದಿ ಪತ್ರ ಅಲ್ಲೇ ಮಡಚಿ ಹಣಿಗೆ ಹಚ್ಚಿಕೊಂಡೆ. ಉಳಿದದ್ದು ಆಮ್ಯಾಲೆ ಓದಿದೆ. ಒಂಬತ್ತು ಮಂದಿ ಸುದ್ದಿ ಓದಿದ ಮ್ಯಾಲೆ ಮೂರು ದಿನ ಮನಿ ಬಾಗಲಾ ತಗೀಲಿಲ್ಲ. ಜ್ವರ ಅಂದೆ. ನನ್ನ ಒಳಕಲ್ಲು ನೋಡಿದ್ರ ನನಗ ಓಕರಿಕಿ. ಅದರ ಸಂದಿನ್ಯಾಗ ಇನ್ನೂ ಗುಲಾಬಿ ಬಣ್ಣ ಕುಂತಿತ್ತು. ಬಿಸಿನೀರು ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ.

ಶನಿವಾರ ಸಂಜಿ ಭಜನಿ ಮುಗದು ಮಂಗಳಾರತಿ ಆತು. ಪ್ರಸಾದ ಕೊಡೋಕಿಂತ ಮೊದಲು, ಕೂಡ್ರಿ, ಒಂದು ಕಥಿ ಹೇಳತೀನಿ ಅಂದೆ. ಎಲ್ಲಾರೂ ಖುಷಿಲೇ ಕುಂತರು. ಕಲ್ಲವ್ವ ಎಲಿ ಅಡಕಿ ಚೀಲ ಬಿಚ್ಚಿದಳು. ಈ ಕಥಿ ನಮ್ಮ ಕಾಂತೂಗ ವ್ಯಾಸರಾಜ ಅನ್ನಾವ ಹೇಳಿದ್ದು, ಆಯುಧಪೂಜಿ ದಿನ, ಅಂತ ಶುರು ಮಾಡಿದೆ. ಕ್ಯಾನಿನ ಮಾತಿಗೆ ಎಲ್ಲಾರೂ ಛೀ ಛೀ ಅಂತ ಸೆರಗು ಮೂಗಿಗೆ ಹಿಡಕೊಂಡು ನಕ್ಕರು. ನಿನ್ನ ಸೋನೋಗ್ರಾಫಿ ಬೆಂಚಿಗೆ ಕಲ್ಲವ್ವ ಹೊಟ್ಟಿ ಹಿಡಕೊಂಡಳು. ಕ್ಷಮಿಸಪಾ, ನಿನ್ನ ಮಾನ ಇಲ್ಲೂ ಹೋತು.

ಆಮ್ಯಾಲೆ ಚೀಲದ ಕಥಿಗೆ ಬಂದೆ. ಬಿಳಿ ಹಾಳಿ ಮ್ಯಾಲೆ ಪುಡಿ ಸುರದ್ದು, ಸಿಪ್ಪಿ ಕಂಡದ್ದು. ಆ ಪುಡಿ ಕುಟ್ಟಿದಾಕಿ ನಾ, ನಿಮ್ಮ ಡಬ್ಬಿಯಾಗ ಇರೋದೂ ಅದೇ, ಮಹಾದೇವಮ್ಮ ನನಗ ಏನೂ ಕಲಿಸಿಲ್ಲ, ಅಂದೆ. ಬೆಳಗಿನ ಮೂತ್ರ ಬಾಟಲಿಯಾಗ ಹಿಡದು ಆರೋಗ್ಯ ಕೇಂದ್ರಕ್ಕ ಕೊಡಬೇಕಂತ, ಅದನ್ನೂ ಹೇಳಿದೆ.

ನನಗ ಕಿವಿ ಕೇಳೂದಿಲ್ಲ. ಅದಕ್ಕ ಅವರ ಬಾಯಿ ನೋಡಿದೆ. ಒಂದು ಬಾಯೂ ಅಲುಗಾಡಲಿಲ್ಲ. ಕಲ್ಲವ್ವ ಬಾಯಾಗಿನ ಎಲಿ ಹೊರಗ ಉಗುಳಿ ಎದ್ದಳು. ಒಬ್ಬೊಬ್ಬರ ಎದ್ದು ಹೋದರು. ಪ್ರಸಾದದ ತಾಟು ಹಂಗ ಉಳೀತು. ನನ್ನ ಕೈಯಿಂದ ಸಕ್ಕರಿ ಕಾಳು ಸೈತ ಯಾರೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಬಾಗಲಾ ತಗದ್ರ ಕಟ್ಟಿ ಮ್ಯಾಲೆ ಒಂಬತ್ತು ಡಬ್ಬಿ. ಖಾಲಿ ಮಾಡಿ, ತೊಳದು, ಬೋರಲಾಗಿ ಇಟ್ಟಿದ್ದರು. ಅಷ್ಟಕ್ಕ ಮುಗೀತು ಅಂದುಕೊಂಡೆ. ತಲಿ ಎತ್ತಿ ನೋಡತೀನಿ, ಒಂಬತ್ತು ಮಂದಿನೂ ಬೇವಿನ ಗಿಡದ ಕೆಳಗ ನಿಂತಾರ. ಉಪ್ಪಿನಕಾಯಿ ಬಾಟಲಿ, ಕೆಮ್ಮಿನ ಔಷಧದ ಬಾಟಲಿ, ಒಬ್ಬಾಕಿ ಕೈಯಾಗ ಮೊಮ್ಮಗನ ನೀರಿನ ಬಾಟಲಿ. ಎಲ್ಲಾ ತುಂಬ್ಯಾವ.

ಕಲ್ಲವ್ವ ಹತ್ರ ಬಂದು ಒಂದು ಖಾಲಿ ಬಾಟಲಿ ನನ್ನ ಕೈಯಾಗ ತುರುಕಿದಳು. ಕಿವಿಗೆ ಬಾಯಿ ಹಚ್ಚಿ ಕೂಗಿದಳು, "ಒಳಗ ಹೋಗಿ ತುಂಬಿಕೊಂಡು ಬಾ. ನೀರು ಗೀರು ಬೆರಸಬ್ಯಾಡ!"

ತುಂಬಿಕೊಂಡು ಬಂದೆ. ಕಲ್ಲವ್ವ ಅದನ್ನ ನನ್ನ ಕೈಯಿಂದ ಕಸಗೊಂಡು, ತನ್ನ ಬಾಟಲಿ ಸಂಗಾಟ ಒಂದೇ ಕೈಯಾಗ ಹಿಡದು, ಮೂಗು ಮುಚ್ಚಿಕೊಳ್ಳದ, ಎಲ್ಲಾರ ಮುಂದ ಆರೋಗ್ಯ ಕೇಂದ್ರದ ದಾರಿ ಹಿಡದಳು. ಉಳಿದ ಎಂಟು ಮಂದಿ ನನ್ನ ನಡುವ ಹಾಕಿಕೊಂಡು ಅಕಿ ಹಿಂದ ನಡದರು.

ಗಂಗಕ್ಕ